ಒಂಬತ್ತನೇ ಕ್ಲಾಸಿಗೆ ಹಿಂದಿ ಬಿಟ್ಟು ಆಟೋಮೊಬೈಲ್ ತಗೊಳ್ಳುತ್ತೇನೆ ಅನ್ನುತ್ತಿದ್ದಾನೆ ಮಗ, ಏನು ಹೇಳಲಿ?

ಅವರ್ಸಾದ ಅಮ್ಮ
ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯವಿಟ್ಟು ಹೇಳಿ. ಮಗ ಸರಕಾರಿ ಹೈಸ್ಕೂಲಿನಲ್ಲಿದ್ದಾನೆ, ಜೂನಿಗೆ ಒಂಬತ್ತನೇ ಕ್ಲಾಸು. ಅಲ್ಲಿ ಎನ್‌ಎಸ್‌ಕ್ಯೂಎಫ್ ಅಂತ ವೃತ್ತಿ ವಿಷಯ ಇದೆಯಂತೆ. ಹಿಂದಿ ಬೇಡ ಅಂದವರು ಅದರ ಬದಲು ಆಟೋಮೊಬೈಲ್ ತಗೊಳ್ಳಬಹುದು. ಇವನು ಅದೇ ಬೇಕು ಅಂತ ಹಠ ಹಿಡಿದು ಕೂತಿದ್ದಾನೆ.

ಓದಿನಲ್ಲಿ ಮುಂದೆ ಅಲ್ಲ, ತೀರಾ ಹಿಂದೆಯೂ ಅಲ್ಲ. ಆದರೆ ಮನೆಯಲ್ಲಿ ಪಂಪು ಕೆಟ್ಟರೆ, ಮಿಕ್ಸಿ ನಿಂತರೆ ಮೊದಲು ಬಿಚ್ಚಿ ನೋಡುವವನು ಇವನೇ. ರಜೆ ಬಂತು ಅಂದರೆ ಪಕ್ಕದ ಗ್ಯಾರೇಜಿನಲ್ಲಿ ಕೂತಿರುತ್ತಾನೆ. ನಮ್ಮ ಯಜಮಾನರದ್ದು ಗೋವಾದ ವೆರ್ಣಾದಲ್ಲಿ ಫ್ಯಾಕ್ಟರಿ ಕೆಲಸ. ಅವರು ತಗೊಳ್ಳಲಿ ಬಿಡು ಅನ್ನುತ್ತಾರೆ. ಮಾವನವರಿಗೆ ಮಾತ್ರ ಒಪ್ಪಿಗೆಯಿಲ್ಲ. ಗ್ಯಾರೇಜಿನಲ್ಲಿ ಪುಕ್ಕಟೆ ಕಲಿಯುವುದನ್ನು ಶಾಲೆಯಲ್ಲಿ ಯಾಕೆ ಕಲಿಯಬೇಕು, ಶಾಲೆಗೆ ಕಳಿಸುವುದೇ ಕೈ ಕರಿ ಮಾಡಿಕೊಳ್ಳದೆ ಬದುಕಲಿ ಅಂತ ಅಲ್ವಾ ಅನ್ನುತ್ತಾರೆ. ನನ್ನ ಅಕ್ಕ ಪಿಯುಸಿ ಸೈನ್ಸ್ ಸಿಗುವುದಿಲ್ಲ ಅಂತ ಹೆದರಿಸಿದ್ದಾಳೆ. ನಿಮ್ಮ ಮಕ್ಕಳು ಯಾರಾದರೂ ತಗೊಂಡಿದ್ದಾರಾ?

ಕುಮಟೆಯ ಮಾಸ್ತರು
ತಂಗೀ, ಮೊದಲು ನಿನ್ನ ಅಕ್ಕನ ಹೆದರಿಕೆ ಬಿಡಿಸುತ್ತೇನೆ. ಪಿಯುಸಿ ಸೈನ್ಸಿಗೆ ಬೇಕಾಗಿರುವುದು ಗಣಿತ ಮತ್ತು ವಿಜ್ಞಾನ, ಅವೆರಡೂ ಹಾಗೇ ಇರುತ್ತವೆ. ಇಂಗ್ಲಿಷು, ಕನ್ನಡ, ಸಮಾಜ ವಿಜ್ಞಾನವೂ ಇರುತ್ತದೆ. ಬದಲಾಗುವುದು ಮೂರನೇ ಭಾಷೆಯ ಜಾಗ ಒಂದೇ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯೂ ಮೂರನೇ ಭಾಷೆಯ ದಿನವೇ ನಡೆಯುತ್ತದೆ. ಪಿಯುಸಿಯಲ್ಲಿ ಹಿಂದಿ ತಗೊಳ್ಳುವ ಯೋಚನೆ ಇದ್ದರೆ ಮಾತ್ರ ತುಸು ಕಷ್ಟ. ಕನ್ನಡ ತಗೊಳ್ಳುವವರಿಗೆ ಏನೂ ತೊಂದರೆಯಿಲ್ಲ.

ಒಂದು ಕೆಲಸ ಮಾಡು. ಹೆಸರು ಬರೆಸುವ ಮೊದಲು ಶಾಲೆಗೆ ಹೋಗಿ ಆ ವಿಷಯದ ಕೋಣೆ ತೋರಿಸಿ ಅಂತ ಕೇಳು. ಮಕ್ಕಳು ಮುಟ್ಟಿ ಬಿಚ್ಚಿ ಜೋಡಿಸುವ ಎಂಜಿನ್ ಇದೆಯಾ, ಸ್ಪ್ಯಾನರ್ ಸೆಟ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರಾ, ಕಲಿಸುವವರು ವರ್ಷಪೂರ್ತಿ ಇರುತ್ತಾರಾ ನೋಡು. ಇವಿಷ್ಟೂ ಸರಿ ಇದ್ದರೆ ಕಣ್ಣು ಮುಚ್ಚಿ ಸೇರಿಸು. ಇಲ್ಲದಿದ್ದರೆ ಎಂಜಿನ್ನಿನ ಚಿತ್ರ ಬಿಡಿಸಿ ಭಾಗ ಗುರುತಿಸುವ ಇನ್ನೊಂದು ಬಾಯಿಪಾಠದ ವಿಷಯ ಆಗುತ್ತದೆ ಅಷ್ಟೇ.

ಹೊನ್ನಾವರ ವೈರಿಂಗ್
ತಗೊಳ್ಳಲಿ ಅಕ್ಕ. ಎರಡು ಮಾತಿಲ್ಲ.

ಬೆಂಗಳೂರಲ್ಲಿರುವ ಶಿರಸಿಗ
ನನ್ನದು ಬೇರೆ ಅಭಿಪ್ರಾಯ. ಹದಿನಾಲ್ಕು ವರ್ಷಕ್ಕೆ ಒಂದು ಕೆಲಸಕ್ಕೆ ಮಕ್ಕಳನ್ನು ಕಟ್ಟಿಹಾಕುವುದು ಸರಿಯಲ್ಲ. ಆ ವಯಸ್ಸಿನಲ್ಲಿ ಗಣಿತ, ವಿಜ್ಞಾನ, ಭಾಷೆ ಗಟ್ಟಿಯಾದರೆ ಮುಂದೆ ಯಾವ ಕೆಲಸವನ್ನಾದರೂ ಆರು ತಿಂಗಳಲ್ಲಿ ಕಲಿಯಬಹುದು. ಪೆಟ್ರೋಲ್ ಗಾಡಿ ಹೋಗಿ ಎಲೆಕ್ಟ್ರಿಕ್ ಗಾಡಿ ಬರುತ್ತಿದೆ. ಈಗ ಪೆಟ್ರೋಲು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕಲಿತು ಹತ್ತು ವರ್ಷ ಬಿಟ್ಟು ಏನು ಮಾಡುತ್ತಾನೆ? ಹೊಸ ಬೈಕುಗಳಲ್ಲಿ ಈಗಲೇ ಕಾರ್ಬ್ಯುರೇಟರ್ ಇಲ್ಲ, 2020ರಲ್ಲಿ ಬಿಎಸ್-6 ಅನ್ನುವ ಹೊಗೆ ಮಿತಿಯ ನಿಯಮ ಬಂದ ಮೇಲೆ ಹೆಚ್ಚುಕಮ್ಮಿ ಎಲ್ಲವೂ ಫ್ಯೂಯೆಲ್ ಇಂಜೆಕ್ಷನ್. ಹಿಂದಿಯನ್ನೂ ಬಿಡಿಸಬೇಡಿ. ಹೊರಗೆ ದುಡಿಯಲು ಹೋದವರಿಗೆ ಅದರ ಬೆಲೆ ಗೊತ್ತು.

ಹೊನ್ನಾವರ ವೈರಿಂಗ್
ಶಿರಸಿ ಅಣ್ಣ, ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡುವವರೂ ಕೈಯಿಂದಲೇ ಮಾಡಬೇಕಲ್ಲ. ಮಲ್ಟಿಮೀಟರ್ ಹಿಡಿಯಲು ಬರದವನು ಇಂಜೆಕ್ಷನ್ ಬೈಕಿನ ಸೆನ್ಸರ್ ಹೇಗೆ ಚೆಕ್ ಮಾಡುತ್ತಾನೆ?

ನಾನು ಎಸ್‌ಎಸ್‌ಎಲ್‌ಸಿ ಓದುವಾಗಲೇ ನಮ್ಮ ಚಿಕ್ಕಪ್ಪನ ಜೊತೆ ವೈರಿಂಗಿಗೆ ಹೋಗುತ್ತಿದ್ದೆ. ಶಾಲೆಯಲ್ಲಿ ಓಮ್‌ನ ನಿಯಮ ಬರೆದರೆ ಮಾರ್ಕ್ಸ್ ಸಿಗುತ್ತಿತ್ತು. ಅದು ತಲೆಗೆ ಹೋಗಿದ್ದು ಮಾತ್ರ ಅಡಿಕೆ ತೋಟದ ಪಂಪು ಸುಟ್ಟಾಗ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪು ಹಾಕುತ್ತಾರೆ, ಲೈನಿನಲ್ಲಿ ವೋಲ್ಟೇಜು ಇಳಿಯುತ್ತದೆ. ವೋಲ್ಟೇಜು ಕಡಿಮೆ ಆದರೆ ಮೋಟಾರು ನಿಧಾನ ಆಗುತ್ತದೆ ಅಷ್ಟೇ ಅಂದುಕೊಳ್ಳುತ್ತಾರೆ ಜನ. ಹಾಗಲ್ಲ, ಅದು ಜಾಸ್ತಿ ಕರೆಂಟು ಎಳೆಯುತ್ತದೆ, ಕಾಯಿಲ್ ಬಿಸಿಯಾಗಿ ಸುಡುತ್ತದೆ. ಮೀಟರ್ ಹಿಡಿದು ಆಂಪಿಯರ್ ಏರುವುದನ್ನು ಕಣ್ಣಾರೆ ನೋಡಿದ ಹುಡುಗ ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ಮಾತು. ಒಳ್ಳೆಯ ಡಿಗ್ರಿ ಓದಿದವರ ಮನೆಗಳಲ್ಲೂ ಫ್ಯೂಸ್ ಹೋಯಿತು ಅಂತ ದಪ್ಪ ತಾಮ್ರದ ತಂತಿ ಸುತ್ತಿಟ್ಟಿರುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಫ್ಯೂಸ್ ಇರುವುದು ಸುಟ್ಟು ಹೋಗಲಿಕ್ಕೇ ಅನ್ನುವುದು ಹತ್ತನೇ ಕ್ಲಾಸಿನ ಪಾಠದಲ್ಲಿದೆ. ಓದಿದ್ದಾರೆ, ಮಾರ್ಕ್ಸೂ ತಗೊಂಡಿದ್ದಾರೆ. ಕೈಯಲ್ಲಿ ಹಿಡಿದು ನೋಡಿಲ್ಲ. ಕರೆಂಟು ಸೋರಿದರೆ ತಾನೇ ಆಫ್ ಆಗಿ ಮನುಷ್ಯನ ಜೀವ ಉಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಂತ ಒಂದು ಸ್ವಿಚ್ ಇದೆ ಅನ್ನುವುದೇ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಮಳೆಗಾಲದಲ್ಲಿ ಗೋಡೆ ಜಿನುಗುವ ನಮ್ಮ ಕರಾವಳಿಯಲ್ಲಿ ಇದು ಪ್ರತಿ ಮಗುವಿಗೂ ಗೊತ್ತಿರಬೇಕು, ಎಲೆಕ್ಟ್ರಿಷಿಯನ್ ಆಗಲಿ ಬಿಡಲಿ.

ಸಿದ್ದಾಪುರದ ತೋಟಿಗ
ಹೊನ್ನಾವರದವರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಹೊಡೆಯುತ್ತೇವಲ್ಲ, ಅದರಲ್ಲಿ ಪೂರ್ತಿ ರಸಾಯನಶಾಸ್ತ್ರ ಇದೆ. ಒಂದು ಕೆಜಿ ಮೈಲುತುತ್ತು (ಅದೇ ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಮೈಲುತುತ್ತಿನ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬಾರದು, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಬೆರೆಸಿದ ಮೇಲೆ ಹೊಳೆಯುವ ಚಾಕು ಅದ್ದಿ ನೋಡುತ್ತೇವೆ. ಚಾಕಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಸುಟ್ಟು ಹೋಗುತ್ತದೆ.

ಮಗಳಿಗೆ ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಕಾಪರ್ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಇಡುವ ಪ್ರಯೋಗ ಇತ್ತು. ಬಾಯಿಪಾಠ ಮಾಡುತ್ತಿದ್ದಳು. ಅಂಗಳಕ್ಕೆ ಕರೆದುಕೊಂಡು ಹೋಗಿ ಚಾಕು ಅದ್ದಿ ತೋರಿಸಿದೆ. ಅಪ್ಪಾ, ಮೊಳೆಯ ಪಾಠ ಇದೇನಾ ಅಂದಳು. ತಲೆಮಾರುಗಳಿಂದ ನಮ್ಮ ಅಂಗಳದಲ್ಲಿ ನಡೆಯುತ್ತಿರುವ ಪ್ರಯೋಗವನ್ನು ಶಾಲೆ ಯಾವತ್ತೂ ಕೇಳಲಿಲ್ಲ ಅನ್ನುವುದು ನನ್ನ ಬೇಸರ. ಹಾಗಾಗಿ ಪಾಠ ಬೇರೆ, ಕೈಕೆಲಸ ಬೇರೆ ಅನ್ನುವ ಬೆಂಗಳೂರು ತಮ್ಮನ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಬನವಾಸಿ ರಸ್ತೆ
ತೋಟಿಗರೇ, ಸುಮ್ನೆ ಕೇಳುತ್ತೇನೆ, ರಾಳ ಹಾಕುತ್ತೀರಾ ಇಲ್ಲವಾ? ನಮ್ಮಲ್ಲಿ ಹಾಕದೆ ಒಂದೇ ಮಳೆಗೆ ತೊಳೆದು ಹೋಯಿತು.

ಸಿದ್ದಾಪುರದ ತೋಟಿಗ
ಹಾಕುತ್ತೇವೆ. ರಾಳ, ಸೋಡಾ ಕಾಯಿಸಿ ಹಾಕಿದರೆ ಅಂಟಿಕೊಳ್ಳುತ್ತದೆ. ಮೊದಲ ಸಲ ಮಳೆ ಹಿಡಿಯುವ ಮುಂಚೆಯೇ ಮುಗಿಸಿ, ಎರಡನೆಯದು 40-45 ದಿನಕ್ಕೆ.

ಅಂಕೋಲೆ ಹುಡುಗ
ಎಲ್ಲರೂ ಚೆನ್ನಾಗಿ ಹೇಳುತ್ತಿದ್ದೀರಿ. ಆದರೆ ಒಂದು ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಯಾರ ಮಕ್ಕಳಿಗೆ ಈ ಕೈಕೆಲಸ?

ತೋಟದವರ ಮಗಳು ಚಾಕು ಅದ್ದಿ ಕೆಮಿಸ್ಟ್ರಿ ಕಲಿತಳು, ಸಂತೋಷ. ಅದೇ ತೋಟದಲ್ಲಿ ಅಡಿಕೆ ಕೊನೆ ಕೊಯ್ಯಲು ಮರ ಹತ್ತುವವನ ಮಗನಿಗೆ ಶಾಲೆ ಏನು ಕಲಿಸಬೇಕು? ಮರ ಹತ್ತುವುದನ್ನಾ? ಅದು ಅವನಿಗೆ ಅಪ್ಪನಿಂದಲೇ ಗೊತ್ತು. ಅವನು ಶಾಲೆಗೆ ಬಂದಿದ್ದೇ ಅದರಿಂದ ಹೊರಗೆ ಬರಲು. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಮುಖ್ಯಮಂತ್ರಿ ರಾಜಾಜಿ ಒಂದು ಯೋಜನೆ ತಂದಿದ್ದರು. ಹಳ್ಳಿ ಮಕ್ಕಳಿಗೆ ಅರ್ಧ ಹೊತ್ತು ಶಾಲೆ, ಉಳಿದ ಹೊತ್ತು ಮನೆಯಲ್ಲಿ ಅಪ್ಪನ ಕಸುಬು. ಜನ ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗೆ ಇಳಿದರು. 1954ರಲ್ಲಿ ರಾಜಾಜಿ ಕೆಳಗಿಳಿದರು, ಕಾಮರಾಜರು ಬಂದು ಅದನ್ನು ತೆಗೆದು ಹಾಕಿದರು. ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬೈ ರಾಜ್ಯದಲ್ಲಿತ್ತು, ಪಕ್ಕದ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಇತ್ತು. ಇದು ಎಲ್ಲೋ ದೂರದ ಕಥೆ ಅಲ್ಲ.

ಈಗ ನೋಡಿ. ಸರಕಾರಿ ಕನ್ನಡ ಶಾಲೆಗೆ ರಿಟೇಲ್, ಬ್ಯೂಟಿ, ಆಟೋಮೊಬೈಲ್. ಫೀಸು ಕಟ್ಟುವ ಇಂಗ್ಲಿಷ್ ಮೀಡಿಯಮ್ಮಿಗೆ ಕೋಡಿಂಗ್, ರೋಬೋಟಿಕ್ಸ್. ಎರಡೂ ಕೈಯಿಂದ ಮಾಡುವ ಕೆಲಸವೇ. ಒಂದು ಮಾಡಿದವನು ಅಂಗಡಿ ಕೌಂಟರಿನಲ್ಲಿ ನಿಲ್ಲುತ್ತಾನೆ, ಇನ್ನೊಂದು ಮಾಡಿದವನು ಕಂಪನಿ ಮಾಡುತ್ತಾನೆ.

ಬೆಂಗಳೂರಲ್ಲಿರುವ ಶಿರಸಿಗ
ನಾನು ಹೇಳಲು ಹೊರಟಿದ್ದೂ ಇದನ್ನೇ. ಅಂಕೋಲೆಯವರು ನನಗಿಂತ ಚೆನ್ನಾಗಿ ಹೇಳಿದರು.

ಕತಗಾಲದ ಅಕ್ಕೋರು
ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದು. ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಇದನ್ನು ದಿನಾ ನೋಡುತ್ತೇನೆ. ಆದರೆ ಅದರ ಉತ್ತರ ಕೈಕೆಲಸ ತೆಗೆಯುವುದಲ್ಲ, ಎಲ್ಲ ಮಕ್ಕಳಿಗೂ ಕಲಿಸುವುದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಅಂತ ಹೇಳಿದಾಗಲೂ ಬಡವರ ಮಕ್ಕಳು ಮಾತ್ರ ಚರಕ ತಿರುಗಿಸಲಿ ಅಂದಿರಲಿಲ್ಲ. ಕೆಲಸದ ಮೂಲಕವೇ ಗಣಿತ, ಭಾಷೆ, ವಿಜ್ಞಾನ ಎಲ್ಲವನ್ನೂ ಎಲ್ಲರೂ ಕಲಿಯಲಿ ಅಂದಿದ್ದರು. ರಾಜಾಜಿಯವರ ಯೋಜನೆಗೂ ಅದಕ್ಕೂ ಅಜಗಜಾಂತರ.

2020ರ ಹೊಸ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ಕ್ಲಾಸಿನ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದ ದಿನ ಅಂತ ಹೇಳಿದ್ದಾರೆ. ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಹೋಗಿ ಕೂತು ಕಲಿಯಬೇಕು. ಇದನ್ನು ಮನಸ್ಸಿಟ್ಟು ಮಾಡಿದರೆ ಜಾತಿ, ಮನೆತನ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರ ಮಗಳೂ ಮರ ಹೆರೆಯುವ ರಂದ ಹಿಡಿಯುತ್ತಾಳೆ. ನಮ್ಮಲ್ಲಿ ಗುಡಿಗಾರರು ಇದ್ದಾರೆ. ಶ್ರೀಗಂಧ, ಶಿವನೆ ಮರದಲ್ಲಿ ಕೆತ್ತುವವರು, ಬೆಂಡಿನಲ್ಲಿ ಬಾಸಿಂಗ ಮಾಡುವವರು. ಅವರನ್ನು ಶಾಲೆಗೆ ಕರೆದು, ಗೌರವಧನ ಕೊಟ್ಟು, ಮಾಸ್ತರ ಪಕ್ಕದ ಕುರ್ಚಿಯಲ್ಲಿ ಕೂರಿಸಬೇಕು. ಮಕ್ಕಳಿಗೆ ಆ ಕುರ್ಚಿಯೇ ಒಂದು ಪಾಠ ಆಗುತ್ತದೆ.

ಅಂಕೋಲೆ ಹುಡುಗ
ಅಕ್ಕೋರೇ, ಗೌರವಧನ ಅಂದಿರಲ್ಲ, ಅಲ್ಲೇ ವಿಷಯ ಇರುವುದು. ನಮ್ಮ ತಾಲೂಕಿನ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ತಾಯಿಮರ ಯಾವುದು, ಎಲ್ಲ ಅವರಿಗೆ ಗೊತ್ತಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಎಷ್ಟೋ ದಶಕ ದಿನಗೂಲಿ ಮೇಲೆ ದುಡಿದರು. ಅಷ್ಟು ತಿಳಿವಳಿಕೆಗೆ ಕೂಲಿ ಯಾಕೆ? ಕೈಯಲ್ಲಿ ಕಾಗದ ಇರಲಿಲ್ಲ, ಅದಕ್ಕೆ. ಹಾಗಾಗಿ ಕೆಲಸ ಕಲಿಸುವುದಾದರೆ ಅದಕ್ಕೆ ಬೆಲೆ ಇರುವ ಸರ್ಟಿಫಿಕೇಟು ಕೊಡಿ, ಅಲ್ಲಿಂದ ಡಿಪ್ಲೊಮಾಕ್ಕೆ, ಡಿಗ್ರಿಗೆ ದಾರಿ ಇಡಿ. ಆಗ ನಾನೂ ನಿಮ್ಮ ಜೊತೆ.

ಕುಮಟೆಯ ಮಾಸ್ತರು
ದಾರಿ ಇದೆ ತಮ್ಮಾ, ಮಕ್ಕಳಿಗೆ ಹೇಳುವವರು ಇಲ್ಲ ಅಷ್ಟೇ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷ. ನಮ್ಮ ಕಾರವಾರದಲ್ಲೇ ನೌಕಾನೆಲೆಯ ಹಡಗು ರಿಪೇರಿ ಯಾರ್ಡ್ ಇದೆ. ಅಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಕರೆಯುತ್ತಾರೆ. ಹತ್ತನೇ ಕ್ಲಾಸು ಮತ್ತು ಐಟಿಐ ಎರಡರಲ್ಲೂ ಒಳ್ಳೆಯ ಮಾರ್ಕ್ಸ್ ಬೇಕು. ಕೈಕೆಲಸ ತಗೊಂಡವರು ಓದು ಬಿಡಬಹುದು ಅಂದುಕೊಳ್ಳುವವರು ಇದನ್ನು ಗಮನಿಸಿ.

ಬೈತ್‌ಖೋಲ್ ದೋಣಿ
ಮಾಸ್ತರ್ರೇ, ನಮ್ಮ ಕಡೆಯ ಮಾತೂ ಕೇಳಿ. ಕಾರವಾರದ ಹೈಸ್ಕೂಲುಗಳಲ್ಲಿ ಮೀನುಗಾರರ ಮಕ್ಕಳು ಎಷ್ಟು ಜನ ಇದ್ದಾರೆ. ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಬಗ್ಗೆ ಯಾವ ಶಾಲೆಯಲ್ಲಾದರೂ ಒಂದು ಪಾಠ ಇದೆಯಾ? ಬಸ್ಸು, ಕಾರಿನ ಎಂಜಿನ್ ಕಲಿಸುತ್ತಾರೆ. ಇಲ್ಲಿ ಎಂಜಿನ್ ಹಾಳಾಗುವುದು ಉಪ್ಪುನೀರಿನಿಂದ. ವಾಪಸ್ ಬಂದ ಮೇಲೆ ಸಿಹಿನೀರು ಹಾಯಿಸಿ ತೊಳೆಯದಿದ್ದರೆ ಒಳಗೆ ಉಪ್ಪು ಕಟ್ಟುತ್ತದೆ, ನೀರು ಓಡದೆ ಎಂಜಿನ್ ಬಿಸಿಯಾಗುತ್ತದೆ. ದೋಣಿಗೆ ಸತುವಿನ ತುಂಡು ಕಟ್ಟುತ್ತೇವೆ. ಸಮುದ್ರ ಮೊದಲು ಸತುವನ್ನು ತಿನ್ನುತ್ತದೆ, ಎಂಜಿನ್ನಿನ ಲೋಹ ಉಳಿಯುತ್ತದೆ. ಅದು ಯಾಕೆ ಹಾಗೆ ಅಂತ ನನಗೆ ಹೇಳಿದ್ದು ಶಾಲೆ ಅಲ್ಲ, ಗೋವಾದ ಒಬ್ಬ ಮೆಕ್ಯಾನಿಕ್.

ಇನ್ನೊಂದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್. ಬೋಟುಗಳು ದಡದಲ್ಲೇ ಇರುತ್ತವೆ. ಬಲೆ ಹೆಣೆಯುವುದು, ಫೈಬರ್ ತೇಪೆ ಹಾಕುವುದು, ಎಂಜಿನ್ ಬಿಚ್ಚುವುದು ಎಲ್ಲ ಆ ಎರಡು ತಿಂಗಳಲ್ಲೇ. ಶಾಲೆ ಶುರುವಾಗುವುದೂ ಆಗಲೇ. ಮಕ್ಕಳನ್ನು ಕರೆದುಕೊಂಡು ಬನ್ನಿ, ನಾವು ಹೇಳಿಕೊಡುತ್ತೇವೆ, ದುಡ್ಡೇನೂ ಬೇಡ. ಆಗಸ್ಟ್ ಬಂದರೆ ನಮಗೆ ಪುರುಸೊತ್ತಿಲ್ಲ.

ತದಡಿ
ಇದು ಒಳ್ಳೆಯ ಮಾತು. ಆದರೆ ನಮ್ಮ ಮಕ್ಕಳಿಗಷ್ಟೇ ಅಲ್ಲ, ಪೇಟೆಯ ಮಕ್ಕಳಿಗೂ ತೋರಿಸಿ. ಅಂಕೋಲೆ ಹುಡುಗ ಹೇಳಿದ್ದು ಸರಿ.

ಹಿತ್ತಲ ಗಿಡ
ಉಪ್ಪಿನಕಾಯಿಯ ಅಪ್ಪೆಮಿಡಿ ಮಾವಿಗೆ ಕಸಿ ಕಟ್ಟುವುದನ್ನೂ ಶಾಲೆಯಲ್ಲಿ ಕಲಿಸಬೇಕು. ನಮ್ಮೂರಲ್ಲಿ ಒಳ್ಳೊಳ್ಳೆಯ ಹಳೆಯ ಮರಗಳು ಬಿದ್ದು ಹೋದವು, ಒಂದು ಕಡ್ಡಿಯೂ ಉಳಿಯಲಿಲ್ಲ.

ಸಿದ್ದಾಪುರದ ತೋಟಿಗ
ಮಳೆಗಾಲವೇ ಸರಿಯಾದ ಹೊತ್ತು. ಕಡ್ಡಿ ಕೊಯ್ಯುವ ವಾರ ಹತ್ತು ದಿನ ಮುಂಚೆ ಅದರ ಎಲೆ ಸವರಿ ಬಿಡಿ, ಮೊಗ್ಗು ಉಬ್ಬಿರುತ್ತದೆ. ಕಸಿ ಬೇಗ ಹಿಡಿಯುತ್ತದೆ.

ಹಿತ್ತಲ ಗಿಡ
ಕರಿ ಇಶಾಡಿ ಮಾವಿಗೂ ಹೀಗೇ ಮಾಡಬಹುದಾ? ಊರಿನ ಹೆಸರಿನ ಜಿಐ ಮಾನ್ಯತೆ ಬಂದ ಮೇಲೆ ಗಿಡ ಸಿಗುತ್ತಿಲ್ಲ.

ಬನವಾಸಿ ರಸ್ತೆ
ಹಾಗೇ ಅಡಿಕೆ ಕೊಯ್ಯುವ ಆ ಕಾರ್ಬನ್ ಫೈಬರ್ ದೋಟಿ ಬಳಸಿದವರು ಯಾರಾದರೂ ಇದ್ದೀರಾ?

ಕತಗಾಲದ ಅಕ್ಕೋರು
ಕಸಿ, ದೋಟಿ ಎಲ್ಲ ಬೇರೆ ಕಡೆ ಮಾತಾಡೋಣ. ಅವರ್ಸಾದ ತಂಗಿ ಉತ್ತರಕ್ಕೆ ಕಾಯುತ್ತಿದ್ದಾಳೆ.

ಯಲ್ಲಾಪುರದ ಅಪ್ಪ
ನನ್ನ ಮಗಳ ವಿಷಯ ಹೇಳುತ್ತೇನೆ. ಶಾಲೆಯಲ್ಲಿ ಆಟೋಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಎರಡೂ ಇತ್ತು. ಅವಳು ಆಟೋಮೊಬೈಲ್ ಕೇಳಿದಳು. ಹುಡುಗಿಯರಿಗೆ ಬ್ಯೂಟಿ, ಹುಡುಗರಿಗೆ ಆಟೋಮೊಬೈಲ್ ಅಂತ ಮೊದಲೇ ಪಟ್ಟಿ ಮಾಡಿಬಿಟ್ಟಿದ್ದರು. ನಾನು ಹೋಗಿ ಮಾತಾಡಿದೆ. ಹುಡುಗರ ನಡುವೆ ಒಬ್ಬಳೇ ಹೇಗೆ ಕೂರುತ್ತಾಳೆ ಅಂತ ನನಗೇ ಬುದ್ಧಿ ಹೇಳಿದರು. ಗಣಿತದ ಕ್ಲಾಸಿನಲ್ಲಿ ಒಟ್ಟಿಗೇ ಕೂರುತ್ತಾರಲ್ಲ? ನಿಯಮದಲ್ಲಿ ಎಲ್ಲೂ ಹಾಗಿಲ್ಲ. ಕೊನೆಗೆ ಅವಳು ಹಿಂದಿಯನ್ನೇ ಉಳಿಸಿಕೊಂಡಳು. ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಜಾತಿಯ ಮಾತು ಬಂತು, ಹೆಣ್ಣು ಗಂಡಿನ ಮಾತನ್ನೂ ಸೇರಿಸಿ.

ಹೊನ್ನಾವರ ವೈರಿಂಗ್
ಅಣ್ಣ, ಮಗಳಿಗೆ ಈಗಲೂ ಆಸಕ್ತಿ ಇದ್ದರೆ ಐಟಿಐ ಇದೆ. ನನ್ನ ಜೊತೆ ಪ್ಯಾನೆಲ್ ಬೋರ್ಡ್ ಕೆಲಸ ಮಾಡುವ ಹುಡುಗಿಯ ಕೈ ನನ್ನ ಕೈಗಿಂತ ಸ್ವಚ್ಛ. ವೈರು ಅಂದರೆ ಗೆರೆ ಎಳೆದ ಹಾಗೆ ಹಾಕುತ್ತಾಳೆ.

ಹೊನ್ನಾವರದ ವಕೀಲೆ
ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಗ್ಯಾರೇಜು, ದೋಣಿ ಅಂತ ಎಲ್ಲರೂ ಉತ್ಸಾಹದಲ್ಲಿದ್ದೀರಿ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಆದ ಮೇಲೆ 14 ವರ್ಷದ ಒಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. 14ರಿಂದ 18ರ ತನಕದವರನ್ನು ಅಪಾಯದ ಕೆಲಸಕ್ಕೆ ಹಾಕುವ ಹಾಗಿಲ್ಲ. ಸ್ವಂತ ಮನೆಯ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಸಹಾಯ ಮಾಡಬಹುದು, ಅದೂ ಅಪಾಯದ್ದಾಗಿರಬಾರದು. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಸೇರಲು ಕನಿಷ್ಠ 14, ಅಪಾಯದ ಕೆಲಸ ಆದರೆ 18.

ಅವರ್ಸಾದವರ ಮಾವನವರಿಗೆ ಇದೇ ನನ್ನ ಉತ್ತರ. ಗ್ಯಾರೇಜಿನಲ್ಲಿ ಪುಕ್ಕಟೆ ಕಲಿಯುವ ಹುಡುಗನ ಕಣ್ಣಿಗೆ ಗ್ರೈಂಡರಿನ ಕಿಡಿ ಹಾರಿದರೆ ಕೇಳುವವರು ಯಾರೂ ಇಲ್ಲ. ಕನ್ನಡಕ ಹಾಕು, ಸಡಿಲ ಅಂಗಿ ಬೇಡ, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚು ಅಂತ ಹೇಳಿಕೊಡುವುದು ಶಾಲೆಯ ಜವಾಬ್ದಾರಿ.

ಗುತ್ತಿಗೆ ತರಬೇತುದಾರ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಇದೇ ವಿಷಯ ಕಲಿಸುವವನು, ಊರಿನ ಹೆಸರು ಹೇಳುವುದಿಲ್ಲ. ನಾವು ಸರಕಾರಿ ಮಾಸ್ತರರಲ್ಲ, ಏಜೆನ್ಸಿ ಮೂಲಕ ಗುತ್ತಿಗೆ. ಸಂಬಳ ತಡ ಆಗುತ್ತದೆ. ವರ್ಷದ ನಡುವೆ ಗುತ್ತಿಗೆ ಮುಗಿದರೆ ಮಕ್ಕಳು ಮಾಸ್ತರಿಲ್ಲದೆ ಕೂರುತ್ತಾರೆ. ಹೊಸಬರು ಬರುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಒಂದೇ ಎಂಜಿನ್, ಸುತ್ತ ಇಡೀ ಕ್ಲಾಸು. ಮುಂದೆ ನಿಂತವರು ಮುಟ್ಟುತ್ತಾರೆ, ಹಿಂದೆ ನಿಂತವರು ನೋಡುತ್ತಾರೆ. ಹಾಗಾಗಬಾರದು ಅಂತ ನಾನು ಗುಂಪು ಮಾಡಿ ಸರದಿ ಮೇಲೆ ಬಿಚ್ಚಿಸುತ್ತೇನೆ. ಅದಕ್ಕೆ ಎರಡು ಪೀರಿಯಡ್ ಒಟ್ಟಿಗೆ ಬೇಕು, ನಲವತ್ತು ನಿಮಿಷದಲ್ಲಿ ನಟ್ಟು ಬಿಚ್ಚುವಷ್ಟರಲ್ಲಿ ಬೆಲ್ಲು ಹೊಡೆಯುತ್ತದೆ.

ಆದರೂ ಒಂದು ವಿಷಯ ಹೇಳಲೇಬೇಕು. ಬೇರೆ ಕ್ಲಾಸಿನಲ್ಲಿ ಬಾಯಿಯೇ ತೆರೆಯದ ಮಕ್ಕಳು ಇಲ್ಲಿ ಮಾತಾಡುತ್ತಾರೆ. ಒಬ್ಬ ಹುಡುಗನಿಗೆ ಭಿನ್ನರಾಶಿ ಅಂದರೆ ಆಗುತ್ತಿರಲಿಲ್ಲ. ಹಳೆಯ ಇಂಚಿನ ಸ್ಪ್ಯಾನರ್ ಸೆಟ್ಟಿನಲ್ಲಿ ಅರ್ಧ ಇಂಚು ದೊಡ್ಡದಾ, ಏಳು ಹದಿನಾರು ದೊಡ್ಡದಾ ಅಂತ ನಟ್ಟಿಗೆ ಹಾಕಿ ಹಾಕಿ ನೋಡಿದ. ಆಮೇಲೆ ತಾನೇ ಬಂದು, ಸರ್, ಅರ್ಧ ಅಂದರೆ ಎಂಟು ಹದಿನಾರು, ಅದಕ್ಕೇ ಅದು ದೊಡ್ಡದು ಅಂದ. ಗಣಿತದ ಮಾಸ್ತರಿಗೆ ಹೇಳಿದೆ, ಅವರು ಮಾರನೇ ದಿನ ಸ್ಪ್ಯಾನರ್ ಸೆಟ್ ಕ್ಲಾಸಿಗೆ ತಗೊಂಡು ಹೋದರು.

ಬೆಂಗಳೂರಲ್ಲಿರುವ ಶಿರಸಿಗ
ಸರ್, ಇದು ತುಂಬಾ ಇಷ್ಟವಾಯಿತು. ಹಾಗೆ ಗಣಿತಕ್ಕೆ ಸೇರಿಕೊಂಡರೆ ನನ್ನ ತಕರಾರು ಅರ್ಧ ಕಡಿಮೆ. ಉಳಿದರ್ಧ ಏನು ಅಂದರೆ, ಜರ್ಮನಿ ಜರ್ಮನಿ ಅಂತ ಎಲ್ಲರೂ ಹೇಳುತ್ತಾರೆ. ಶಿಕ್ಷಣ ನೀತಿಯಲ್ಲೇ ಲೆಕ್ಕ ಕೊಟ್ಟಿದ್ದಾರೆ, ವೃತ್ತಿ ಶಿಕ್ಷಣ ಪಡೆದವರು ಅಲ್ಲಿ 75 ಶೇಕಡಾ, ದಕ್ಷಿಣ ಕೊರಿಯಾದಲ್ಲಿ 96, ನಮ್ಮಲ್ಲಿ 19-24 ವಯಸ್ಸಿನವರಲ್ಲಿ 5ಕ್ಕಿಂತ ಕಡಿಮೆ. ಆದರೆ ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸು ಮುಗಿದ ಕೂಡಲೇ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ವಿಂಗಡಿಸುತ್ತಾರೆ. ಹತ್ತು ವರ್ಷದ ಮಗುವಿನ ದಾರಿ ಅಲ್ಲೇ ಬೇರೆ ಆಗಿಬಿಡುತ್ತದೆ. ಅದು ನಮಗೆ ಬೇಡ. ನಮ್ಮಲ್ಲಿ ಜಾತಿ ಇರುವಾಗ ಅಂಥ ವಿಂಗಡಣೆ ಯಾವ ಕಡೆ ಹೋಗುತ್ತದೆ ಅಂತ ಅಂಕೋಲೆಯವರು ಆಗಲೇ ಹೇಳಿದರು.

ಕತಗಾಲದ ಅಕ್ಕೋರು
ಅದರಲ್ಲಿ ನಾವೆಲ್ಲ ಒಂದೇ. ವಿಂಗಡಣೆ ಬೇಡ. ಒಂದೇ ಶಾಲೆ, ಒಂದೇ ಬೆಂಚು, ಎಲ್ಲರ ಕೈಗೂ ಸ್ಪ್ಯಾನರ್.

ಹಳಿಯಾಳ ಎಕ್ಸ್‌ಪ್ರೆಸ್
ನಮ್ಮ ಹಳಿಯಾಳದಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. ಊಟ, ವಸತಿ ಸಮೇತ ಪುಕ್ಕಟೆ ಕಲಿಸುತ್ತಾರೆ. ಆದರೆ 18 ತುಂಬಿರಬೇಕು. ಹೈಸ್ಕೂಲು ಮುಗಿಸಿ 18 ಆಗುವ ತನಕ ಎರಡು ಮೂರು ವರ್ಷ ಖಾಲಿ ಬೀಳುತ್ತದೆ ನೋಡಿ, ಆಗಲೇ ಹುಡುಗರು ಗೋವಾ ಬಸ್ಸು ಹತ್ತುವುದು. ಒಮ್ಮೆ ದುಡ್ಡು ಕೈಗೆ ಬಂದರೆ ತಿರುಗಿ ಓದಿಗೆ ಬರುವವರು ಕಡಿಮೆ.

ಅವರ್ಸಾದ ಅಮ್ಮ
ಎಲ್ಲರಿಗೂ ತುಂಬಾ ಧನ್ಯವಾದ. ಮಾಸ್ತರರು ಹೇಳಿದ ಹಾಗೆ ಶಾಲೆಗೆ ಹೋಗಿ ಬಂದೆ. ಕೋಣೆ ತೋರಿಸಿದರು. ಒಂದು ಬೈಕಿನ ಎಂಜಿನ್ ಇದೆ, ಬಿಚ್ಚಿ ಜೋಡಿಸಿದ ಗುರುತು ಇದೆ, ಸ್ಪ್ಯಾನರುಗಳ ಮೇಲೆ ಗ್ರೀಸ್ ಇತ್ತು. ಕಲಿಸುವವರು ಸ್ಥಳೀಯರು, ಮುಂದಿನ ವರ್ಷದ ಗುತ್ತಿಗೆ ಇನ್ನೂ ಆಗಿಲ್ಲವಂತೆ. ಹೆಡ್ ಮಾಸ್ತರರು ಒಳ್ಳೆಯವರು, ಎರಡು ಪೀರಿಯಡ್ ಒಟ್ಟಿಗೆ ಕೊಡುತ್ತಿದ್ದೇವೆ ಅಂದರು. ಹುಡುಗಿಯರೂ ತಗೊಳ್ಳಬಹುದಾ ಅಂತ ಯಲ್ಲಾಪುರದ ಅಣ್ಣನ ಮಾತು ನೆನಪಿಟ್ಟು ಕೇಳಿದೆ. ಯಾರೂ ಕೇಳಿಲ್ಲ, ಕೇಳಿದರೆ ಅಡ್ಡಿಯಿಲ್ಲ ಅಂದರು.

ಮಗ ಸೇರುತ್ತಿದ್ದಾನೆ. ಅಜ್ಜನಿಗೆ ಅವನೇ ವಕೀಲೆ ಮೇಡಂ ಬರೆದದ್ದನ್ನು ಓದಿ ಹೇಳಿದ. ಮಾವ ಒಪ್ಪಿದರು ಅಂತ ಹೇಳಲಾರೆ, ಗಣಿತದಲ್ಲಿ ಮಾರ್ಕ್ಸ್ ಇಳಿದರೆ ಬಿಡಿಸುತ್ತೇನೆ ಅಂದಿದ್ದಾರೆ. ಗುತ್ತಿಗೆ ವಿಷಯಕ್ಕೆ ನಾವು ಪೋಷಕರು ಏನು ಮಾಡಬಹುದು?

ಗುತ್ತಿಗೆ ತರಬೇತುದಾರ
ಅಕ್ಕ, ಶಾಲಾಭಿವೃದ್ಧಿ ಸಮಿತಿಯಿಂದ ಒಂದು ಮನವಿ ಬರೆಸಿ. ಶಾಲೆ ಶುರುವಾಗುವ ಮುಂಚೆಯೇ ತರಬೇತುದಾರರನ್ನು ಕೊಡಿ ಅಂತ ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ ಮತ್ತು ಜಿಲ್ಲೆಯ ಉಪನಿರ್ದೇಶಕ ಡಿಡಿಪಿಐ ಇಬ್ಬರಿಗೂ ಕಳಿಸಿ. ಪೋಷಕರ ಸಹಿ ಜಾಸ್ತಿ ಇರಲಿ. ನಾವು ಬರೆದರೆ ಸಂಬಳಕ್ಕಾಗಿ ಬರೆದಿದ್ದಾರೆ ಅನ್ನುತ್ತಾರೆ, ನೀವು ಬರೆದರೆ ಓದುತ್ತಾರೆ.

ಹೊನ್ನಾವರದ ವಕೀಲೆ
ಮನವಿಯ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ತಿಂಗಳಲ್ಲಿ ಉತ್ತರ ಬರದಿದ್ದರೆ ನನಗೆ ತಿಳಿಸಿ, ಮಾಹಿತಿ ಹಕ್ಕಿನಲ್ಲಿ ಕೇಳುವುದು ಹೇಗೆ ಅಂತ ಹೇಳುತ್ತೇನೆ.

ಬೈತ್‌ಖೋಲ್ ದೋಣಿ
ಅಕ್ಕ, ನಮ್ಮಲ್ಲಿ ಒಂದು ಹಳೆಯ ಔಟ್‌ಬೋರ್ಡ್ ಎಂಜಿನ್ ಬಿದ್ದಿದೆ. ಓಡುವುದಿಲ್ಲ, ಆದರೆ ಬಿಚ್ಚಿ ಕಲಿಯಲು ಎಲ್ಲ ಭಾಗವೂ ಇದೆ. ಒಂದೇ ಎಂಜಿನ್ ಸುತ್ತ ಇಡೀ ಕ್ಲಾಸು ನಿಲ್ಲುವುದು ತಪ್ಪುತ್ತದೆ. ಶಾಲೆಯವರು ತಗೊಳ್ಳುತ್ತಾರಾ ಕೇಳಿ.

ಅವರ್ಸಾದ ಅಮ್ಮ
ಖಂಡಿತ ಕೇಳುತ್ತೇನೆ ಅಣ್ಣ. ಕಾರವಾರದಿಂದ ತರುವುದು ಹೇಗೆ ಅಂತ ಯೋಚನೆ. ಭಾರ ಎಷ್ಟಿದೆ?

ಬೈತ್‌ಖೋಲ್ ದೋಣಿ
ಇಬ್ಬರು ಎತ್ತಿದರೆ ಆಯಿತು. ಮೀನಿನ ಟೆಂಪೋ ಅಂಕೋಲೆಗೆ ದಿನಾ ಹೋಗುತ್ತದೆ, ಅದರಲ್ಲಿ ಹಾಕಿ ಕಳಿಸುತ್ತೇನೆ. ಹೆಡ್ ಮಾಸ್ತರರು ಒಂದು ಪತ್ರ ಕೊಟ್ಟರೆ ಸಾಕು, ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಬಹುದು.